ಪಾರ್ಕಿನ್ಸನ್ಸ್ ಇರುವವರಿಗೆ ನೃತ್ಯ ತರಗತಿ: ಶುರು ಮಾಡುವವರಿಗೊಂದು ಮಾರ್ಗದರ್ಶಿ

ಪಾರ್ಕಿನ್ಸನ್ಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೈ ನಡುಕ. ಆದರೆ ಕಾಯಿಲೆ ಇರುವವರನ್ನೇ ಕೇಳಿ ನೋಡಿ, ನಡುಕಕ್ಕಿಂತ ಜಾಸ್ತಿ ಕಾಡುವ ಸಂಗತಿಗಳು ಬೇರೆ ಇರುತ್ತವೆ. ಹೆಜ್ಜೆ ಚಿಕ್ಕದಾಗುತ್ತಾ ಹೋಗುತ್ತದೆ. ಮೈಯೆಲ್ಲ ಬಿಗಿಯುತ್ತದೆ. ತಿರುಗಬೇಕು ಅನ್ನುವಷ್ಟರಲ್ಲಿ ಪಾದ ನೆಲಕ್ಕೆ ಅಂಟಿಕೊಂಡ ಹಾಗಾಗುತ್ತದೆ. ನಾಲ್ಕು ಜನರ ಮುಂದೆ ಹೀಗಾದರೆ ಹೇಗೆ ಎಂಬ ಸಂಕೋಚಕ್ಕೆ ಕೆಲವರು ಹೊರಗೆ ಬರುವುದನ್ನೇ ಬಿಡುತ್ತಾರೆ.

ಇದೇ ಜನ ಹಾಡು ಶುರುವಾದರೆ ತಾಳಕ್ಕೆ ಸರಿಯಾಗಿ ದೊಡ್ಡ ಹೆಜ್ಜೆ ಹಾಕುವುದುಂಟು. ಇದಕ್ಕೆ ಕಾರಣವಿದೆ. ಮೆದುಳಿನಲ್ಲಿ ಡೋಪಮೈನ್ ಎಂಬ, ಚಲನೆಯ ನಿಯಂತ್ರಣಕ್ಕೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತಾ ಹೋದಂತೆ, ನಾವು ಯೋಚಿಸದೆಯೇ ಮಾಡುವ ಕೆಲಸಗಳು ಕಷ್ಟವಾಗುತ್ತವೆ. ನಡಿಗೆ, ಕೈ ಬೀಸುವುದು, ಮುಖದ ಭಾವ, ಎಲ್ಲವೂ ಅದರಲ್ಲಿ ಸೇರಿವೆ. ಹೊರಗಿನಿಂದ ಒಂದು ಸುಳಿವು ಸಿಕ್ಕಾಗ, ಅಂದರೆ ತಾಳದ ಪೆಟ್ಟು, ನೆಲದ ಮೇಲಿನ ಗೆರೆ, ಎದುರಿಗಿರುವವರ ಚಲನೆ ಕಂಡಾಗ, ಮೆದುಳು ಅದನ್ನು ಹಿಡಿದುಕೊಂಡು ಚಲನೆಯನ್ನು ಬೇರೆ ರೀತಿಯಲ್ಲಿ ನಡೆಸಿಕೊಳ್ಳುತ್ತದೆ. ಫಿಸಿಯೋಥೆರಪಿಸ್ಟ್‌ಗಳು ಈ ಸುಳಿವುಗಳನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ನೃತ್ಯದಲ್ಲಿ ಇವೆಲ್ಲ ಒಟ್ಟಿಗೆ ಸಿಗುತ್ತವೆ, ಜೊತೆಗೆ ಸಂತೋಷವೂ ಸಿಗುತ್ತದೆ.

ಇಂಥ ತರಗತಿಗಳಲ್ಲಿ ಹೆಚ್ಚು ಹೆಸರಾದದ್ದು ‘ಡಾನ್ಸ್ ಫಾರ್ ಪಿಡಿ’ (ಪಿಡಿ ಅಂದರೆ ಪಾರ್ಕಿನ್ಸನ್ಸ್ ಡಿಸೀಸ್). 2001ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮೋರಿಸ್ ಡಾನ್ಸ್ ಗ್ರೂಪ್ ಮತ್ತು ಬ್ರೂಕ್ಲಿನ್ ಪಾರ್ಕಿನ್ಸನ್ ಗ್ರೂಪ್ ಸೇರಿ ಇದನ್ನು ಶುರು ಮಾಡಿದವು. ರೋಗಿಗಳ ಗುಂಪನ್ನು ಕಟ್ಟಿದ್ದ ಓಲಿ ವೆಸ್ಟ್‌ಹೈಮರ್ ಕೇಳಿದ್ದು ನಿಜವಾದ ನೃತ್ಯ ತರಗತಿಯನ್ನು, ನೃತ್ಯದ ಹೆಸರಿನ ವ್ಯಾಯಾಮವನ್ನಲ್ಲ. ಈ ಲೇಖನದ ಉದ್ದಕ್ಕೂ ನಾನು ಹೇಳಬೇಕೆಂದಿರುವುದೂ ಅದನ್ನೇ. ಸುರಕ್ಷತೆಯ ತಯಾರಿ ಎಷ್ಟು ಬೇಕೋ ಅಷ್ಟು ಮಾಡಿ, ಆದರೆ ಬಾಗಿಲು ದಾಟಿ ಒಳಗೆ ಬಂದವರನ್ನು ಕುಣಿಯಲು ಬಂದವರು ಎಂದೇ ನೋಡಿ.

ಮೊದಲೇ ಒಂದು ಮಾತು. ಕುಣಿತದಿಂದ ಪಾರ್ಕಿನ್ಸನ್ಸ್ ವಾಸಿಯಾಗುವುದಿಲ್ಲ. ಮಾತ್ರೆಗೂ ಫಿಸಿಯೋಥೆರಪಿಗೂ ಇದು ಬದಲಿಯಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಂದು ವರ್ಷ ವಾರಕ್ಕೆರಡು ಬಾರಿ ಟ್ಯಾಂಗೋ ಎಂಬ ಜೋಡಿ ನೃತ್ಯ ಕಲಿತವರ ಚಲನೆ, ಕಲಿಯದವರಿಗಿಂತ ಚೆನ್ನಾಗಿತ್ತು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರು ಮೂರು ವರ್ಷ ವಾರವಾರ ಕುಣಿದವರನ್ನು ಗಮನಿಸಿ 2021ರಲ್ಲಿ ಇಂಥದ್ದೇ ಫಲಿತಾಂಶ ಪ್ರಕಟಿಸಿದರು. ಎರಡೂ ಭರವಸೆ ಕೊಡುವಂಥವು, ಆದರೆ ಅಧ್ಯಯನದಲ್ಲಿದ್ದವರ ಸಂಖ್ಯೆ ಕಡಿಮೆ. ಹಾಗಾಗಿ ‘ಕುಣಿದರೆ ಕಾಯಿಲೆ ನಿಲ್ಲುತ್ತದೆ’ ಎಂದು ಯಾರಿಗೂ ಹೇಳಬೇಡಿ.

ಹೆಜ್ಜೆ 1: ಜೊತೆಗೆ ಯಾರಿರಬೇಕು

ಒಬ್ಬರಿಂದ ಆಗುವ ಕೆಲಸ ಇದಲ್ಲ. ಕಲಿಸಲು ಅನುಭವವಿರುವ ನೃತ್ಯ ಶಿಕ್ಷಕರು ಬೇಕು. ಯಾವ ಶೈಲಿಯವರಾದರೂ ಸರಿ, ಒಂದು ಚಲನೆಯನ್ನು ನಿಂತಲ್ಲೇ ಹತ್ತು ರೀತಿಯಲ್ಲಿ ಬದಲಾಯಿಸಿ ಕೊಡುವ ತಾಳ್ಮೆ ಇದ್ದರಾಯಿತು. ಪಾರ್ಕಿನ್ಸನ್ಸ್ ಬಗ್ಗೆ ತಿಳಿದ ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲ ಕೆಲವು ವಾರವಾದರೂ ಜೊತೆಗಿರಲಿ. ಇನ್ನು ಸಹಾಯಕರು. ಮೂರ್ನಾಲ್ಕು ಜನ ಕಲಿಯುವವರಿಗೆ ಒಬ್ಬರಾದರೂ ಇದ್ದರೆ ಶಿಕ್ಷಕರ ಗಮನ ಕುಣಿತದ ಮೇಲೆ ನಿಲ್ಲುತ್ತದೆ. ಪ್ರಥಮ ಚಿಕಿತ್ಸೆ ಗೊತ್ತಿರುವವರು ಪ್ರತಿ ತರಗತಿಯಲ್ಲೂ ಇರಲೇಬೇಕು.

ಡಾನ್ಸ್ ಫಾರ್ ಪಿಡಿಯವರು ಶಿಕ್ಷಕರಿಗೆ ಆನ್‌ಲೈನ್ ತರಬೇತಿ ಕೊಡುತ್ತಾರೆ. ಸಾಧ್ಯವಾದರೆ ಅದನ್ನು ಮುಗಿಸಿಕೊಂಡೇ ಶುರು ಮಾಡಿ.

ಹೆಜ್ಜೆ 2: ಮಾತ್ರೆಯ ಸಮಯ ನೋಡಿ ತರಗತಿಯ ಸಮಯ

ಡೋಪಮೈನ್ ಕೊರತೆ ತುಂಬಲು ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿಗೆ ‘ಆನ್’ ಎನ್ನುತ್ತಾರೆ. ಅದರ ಪರಿಣಾಮ ಇಳಿದ ಹೊತ್ತು ‘ಆಫ್’. ಆನ್ ಇದ್ದಾಗ ಆರಾಮಾಗಿ ನಡೆದಾಡುವ ವ್ಯಕ್ತಿಗೆ ಆಫ್ ಆದಾಗ ಕುರ್ಚಿಯಿಂದ ಏಳುವುದೂ ಕಷ್ಟವಾಗಬಹುದು. ಇದು ಗೊತ್ತಿಲ್ಲದವರು ‘ಈಗ ತಾನೇ ಚೆನ್ನಾಗಿದ್ದರಲ್ಲ, ಸೋಮಾರಿತನ’ ಅಂದುಬಿಡುತ್ತಾರೆ. ತುಂಬಾ ನೋವಾಗುವ ಮಾತದು.

ಆದ್ದರಿಂದ ಹಾಲ್ ಯಾವಾಗ ಖಾಲಿ ಇದೆ ಎಂದು ವಿಚಾರಿಸುವ ಮೊದಲು, ಬರುವವರ ಮಾತ್ರೆ ಸಮಯ ಕೇಳಿ. ಸಾಮಾನ್ಯವಾಗಿ ಬೆಳಗ್ಗೆ ತಡವಾಗಿ ಅಥವಾ ಮಧ್ಯಾಹ್ನದ ಮೊದಲ ಭಾಗ ಹೆಚ್ಚಿನವರಿಗೆ ಒಗ್ಗುತ್ತದೆ. ಬೆಳಗ್ಗೆ ಬೇಗ ಬೇಡವೇ ಬೇಡ, ಎದ್ದು ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವುದಕ್ಕೇ ಅವರಿಗೆ ಬಹಳ ಹೊತ್ತು ಬೇಕು. ತರಗತಿಗೆ ಹೊಂದಿಸಲು ಯಾರೂ ತಮ್ಮಷ್ಟಕ್ಕೆ ಮಾತ್ರೆಯ ಹೊತ್ತು ಬದಲಾಯಿಸಬಾರದು. ಬದಲಾಯಿಸಲೇಬೇಕಾದರೆ ಡಾಕ್ಟರನ್ನು ಕೇಳಲಿ. ತರಗತಿಯ ನಡುವೆ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಆ ಹೊತ್ತಿಗೇ ಒಂದು ಸಣ್ಣ ವಿರಾಮ ಕೊಡಿ, ಎಲ್ಲರೂ ನೀರು ಕುಡಿಯಲಿ.

ಒಟ್ಟು ಒಂದು ಗಂಟೆಯಿಂದ ಒಂದೂಕಾಲು ಗಂಟೆ ಸಾಕು. ವಾರಕ್ಕೊಮ್ಮೆಯಾದರೂ ಇರಲಿ, ದಿನ ಮತ್ತು ಸಮಯ ಬದಲಾಗದಿರಲಿ.

ಹೆಜ್ಜೆ 3: ಜಾಗ ಮತ್ತು ಕುರ್ಚಿ

ಜಾಗ ನೋಡಲು ಹೋದಾಗ ನೀವೇ ಗೇಟಿನಿಂದ ಒಳಗಿನ ಕುರ್ಚಿಯವರೆಗೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾ ನಡೆದು ನೋಡಿ. ಮೆಟ್ಟಿಲು, ಹೊಸ್ತಿಲು, ನೆಲದ ಬಣ್ಣ ಥಟ್ಟನೆ ಬದಲಾಗುವ ಜಾಗ, ಇಕ್ಕಟ್ಟಾದ ಬಾಗಿಲು, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕಾಲು ಅಂಟಿಕೊಳ್ಳುವುದು ಹೆಚ್ಚಾಗಿ ಬಾಗಿಲಲ್ಲಿ ಮತ್ತು ತಿರುವುಗಳಲ್ಲಿ. ಬಾಗಿಲಿನ ಎದುರು ಒಂದೊಂದು ಹೆಜ್ಜೆ ಅಂತರದಲ್ಲಿ ಅಡ್ಡಕ್ಕೆ ಬಣ್ಣದ ಟೇಪ್ ಅಂಟಿಸಿದರೆ, ಗೆರೆ ದಾಟುತ್ತಾ ಒಳಗೆ ಬರುವುದು ಎಷ್ಟೋ ಜನರಿಗೆ ಸುಲಭವಾಗುತ್ತದೆ.

ನೆಲ ಸಮತಟ್ಟಾಗಿರಬೇಕು, ಜಾರಬಾರದು. ಬಿಡಿ ಚಾಪೆ, ರಗ್ಗು, ಎಳೆದಾಡುವ ವೈರ್ ಏನೂ ಇರಬಾರದು. ಶೌಚಾಲಯ ಹತ್ತಿರವೇ ಇರಬೇಕು. ಪಾರ್ಕಿನ್ಸನ್ಸ್ ಇರುವವರಲ್ಲಿ ಅನೇಕರಿಗೆ ಮೂತ್ರದ ಅವಸರ ಇರುತ್ತದೆ, ಹೇಳಿಕೊಳ್ಳಲು ಮುಜುಗರ. ನೀವೇ ಮೊದಲ ದಿನ ಎಲ್ಲರಿಗೂ ದಾರಿ ತೋರಿಸಿಬಿಡಿ, ಕೇಳುವ ಕಷ್ಟ ತಪ್ಪುತ್ತದೆ.

ಕುರ್ಚಿ ಭಾರವಾಗಿ, ಗಟ್ಟಿಯಾಗಿರಲಿ. ಚಕ್ರ ಬೇಡ, ಮಡಚುವ ಕುರ್ಚಿಯೂ ಬೇಡ. ಕೈಯಿಲ್ಲದ ಕುರ್ಚಿಯಾದರೆ ತೋಳು ಬೀಸಲು ಜಾಗ ಸಿಗುತ್ತದೆ. ಆದರೆ ಏಳುವಾಗ ಊರಿಕೊಳ್ಳಲು ಬೇಕು ಅನ್ನುವವರಿಗಾಗಿ ಕೈ ಇರುವ ಕೆಲವನ್ನೂ ಇಟ್ಟುಕೊಳ್ಳಿ. ಪಾದರಕ್ಷೆ ಹಿಮ್ಮಡಿ ಮುಚ್ಚುವಂಥದ್ದಿರಲಿ. ಅಡಿಭಾಗ ಜಾರಲೂಬಾರದು, ನೆಲಕ್ಕೆ ಕಚ್ಚಿಕೊಳ್ಳುವ ದಪ್ಪ ರಬ್ಬರ್ ಆಗಿಯೂ ಇರಬಾರದು. ಕಾಲೆಳೆದು ನಡೆಯುವವರು ಅಂಥ ಶೂನಿಂದಲೇ ಮುಗ್ಗರಿಸುತ್ತಾರೆ.

ಹೆಜ್ಜೆ 4: ಸೇರಿಸಿಕೊಳ್ಳುವ ಮುನ್ನ ಒಂದು ಮಾತುಕತೆ

ಪ್ರತಿಯೊಬ್ಬರ ಜೊತೆಗೂ ಬೇರೆಬೇರೆಯಾಗಿ ಕುಳಿತು ಮಾತಾಡಿ. ಡಾಕ್ಟರ್ ಒಪ್ಪಿದ್ದಾರಾ? ಈಚೆಗೆ ಬಿದ್ದಿದ್ದಾರಾ, ಬಿದ್ದಿದ್ದರೆ ಯಾವ ಕಡೆಗೆ? ಕಾಲು ಅಂಟಿಕೊಳ್ಳುತ್ತದೆಯಾ? ಎದ್ದು ನಿಂತಾಗ ತಲೆ ಸುತ್ತುತ್ತದೆಯಾ? ಮೂಳೆ ಸವೆತ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ, ಮೆದುಳಿಗೆ ಎಲೆಕ್ಟ್ರೋಡ್ ಹಾಕುವ ಡಿಬಿಎಸ್ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಾದರೂ ಇದೆಯಾ? ತುರ್ತಿಗೆ ಯಾರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ಸಹಾಯಕರಿಗೆ ಬೇಕಾದಷ್ಟನ್ನು ಮಾತ್ರ ತಿಳಿಸಿ.

ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿ: ನಿಮಗೆ ಯಾವ ಹಾಡು ಇಷ್ಟ? ಫಾರಂನಲ್ಲಿ ಇದಕ್ಕೆ ಜಾಗ ಇರುವುದಿಲ್ಲ, ಆದರೆ ನಿಮ್ಮ ಮುಂದಿನ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಇದರ ಉತ್ತರವೇ.

ಹೆಜ್ಜೆ 5: ಹಾಡು ಆರಿಸುವುದು

ತಾಳದ ಪೆಟ್ಟು ಸ್ಪಷ್ಟವಾಗಿ ಕೇಳುವ ಹಾಡು ಬೇಕು. ನಡುನಡುವೆ ವೇಗ ಬದಲಾಗುವ ಹಾಡುಗಳನ್ನು ನಡಿಗೆಯ ಭಾಗಕ್ಕೆ ಬಳಸಬೇಡಿ. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ನಡೆಯುತ್ತಾರೆ. ನಿಮ್ಮ ಗುಂಪಿನವರು ಎಷ್ಟು ನಡೆಯುತ್ತಾರೆ ಎಂದು ಗಡಿಯಾರ ಹಿಡಿದು ಎಣಿಸಿ. ಮೊದಲು ಆ ವೇಗದ್ದೇ ಹಾಡು, ಕೆಲವು ವಾರವಾದ ಮೇಲೆ ಸ್ವಲ್ಪ ಚುರುಕಿನದು. ಕಾಲು ಅಂಟಿಕೊಳ್ಳುವವರಿಗೆ ವೇಗ ಹೆಚ್ಚಿಸುವ ಆತುರ ಬೇಡ. ತಾಳ ಓಡಿದರೆ ಅವರ ಹೆಜ್ಜೆ ಇನ್ನೂ ಚಿಕ್ಕದಾಗಿ ಮುಂದಕ್ಕೆ ಮುಗ್ಗರಿಸುವ ಅಪಾಯವಿದೆ.

ದನಿ ಜೋರಾಗಿಟ್ಟರೆ ಶಿಕ್ಷಕರ ಮಾತು ಕೇಳಿಸುವುದಿಲ್ಲ. ಪಾರ್ಕಿನ್ಸನ್ಸ್ ಇರುವವರ ಸ್ವಂತ ದನಿಯೂ ಮೆಲ್ಲಗಾಗಿರುತ್ತದೆ, ‘ನಿಲ್ಲಿಸಿ’ ಅಂದದ್ದು ನಿಮಗೆ ಕೇಳಿಸಬೇಕಲ್ವಾ.

ಹೆಜ್ಜೆ 6: ತರಗತಿ ನಡೆಸುವುದು

ಮೊದಲ ಅರ್ಧ ಗಂಟೆ ಕುರ್ಚಿಯಲ್ಲೇ. ವೃತ್ತಾಕಾರದಲ್ಲಿ ಕೂತರೆ ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ಬೀಳುವ ಭಯವಿಲ್ಲದೆ ಮೈ ಪೂರ್ತಿ ಬಿಚ್ಚಿಕೊಳ್ಳಲು ಇದೇ ಒಳ್ಳೆಯ ಹೊತ್ತು. ಇದನ್ನು ಬೇಗ ಮುಗಿಸಿ ಎಬ್ಬಿಸಿ ನಿಲ್ಲಿಸಬೇಡಿ.

ಇಲ್ಲಿ ಒಂದು ಗುಟ್ಟಿದೆ. ಪಾರ್ಕಿನ್ಸನ್ಸ್‌ನಲ್ಲಿ ಚಲನೆ ಚಿಕ್ಕದಾಗುತ್ತದೆ, ಆದರೆ ಮಾಡುವವರಿಗೆ ಅದು ಸರಿಯಾದ ಅಳತೆಯದ್ದೇ ಅನ್ನಿಸುತ್ತಿರುತ್ತದೆ. ‘ತೋಳು ಚಾಚಿ’ ಅಂದರೆ ಮೊಣಕೈ ಅರ್ಧ ಮಡಚಿಕೊಂಡೇ ಇರುತ್ತದೆ, ಅವರ ಲೆಕ್ಕದಲ್ಲಿ ಚಾಚಿ ಆಗಿದೆ. ‘ಇನ್ನೂ, ಇನ್ನೂ’ ಎಂದು ಒತ್ತಾಯ ಮಾಡಿದರೆ ಭುಜ ಬಿಗಿಯುತ್ತದೆ. ಅದರ ಬದಲು ‘ಎತ್ತರದ ಕೊಂಬೆಯಲ್ಲಿ ಒಂದು ಹಣ್ಣಿದೆ, ಕಿತ್ತು ಪಕ್ಕದವರಿಗೆ ಕೊಡಿ’ ಅನ್ನಿ. ಕಣ್ಣು ಮೇಲೆ ಹೋಗುತ್ತದೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಪಕ್ಕೆಲುಬು ಬಿಚ್ಚಿಕೊಳ್ಳುತ್ತದೆ. ಮುಷ್ಟಿಯಾಗಿದ್ದ ಬೆರಳುಗಳು ಹಣ್ಣಿನ ಸುತ್ತ ಒಂದೊಂದಾಗಿ ಅಗಲವಾಗುತ್ತವೆ. ಪಕ್ಕದವರಿಗೆ ಕೊಡುವಾಗ ಸೊಂಟದ ಮೇಲಿನ ಮೈ ತಿರುಗುತ್ತದೆ, ಮತ್ತೆ ಯಾರಿಗೆ ಕೊಡುತ್ತಿದ್ದೇನೆ ಎಂದು ಮುಖ ನೋಡಲೇಬೇಕಾಗುತ್ತದೆ. ಇಷ್ಟೂ ಆದದ್ದು ಒಂದು ವಾಕ್ಯದಿಂದ. ವ್ಯಾಯಾಮಕ್ಕೂ ನೃತ್ಯಕ್ಕೂ ನಡುವಿನ ವ್ಯತ್ಯಾಸ ನನಗೆ ಇಲ್ಲೇ ಕಾಣುವುದು.

ಇದೇ ರೀತಿ ಮಳೆ ಸುರಿಸಿ, ದೋಣಿ ಹುಟ್ಟು ಹಾಕಿ, ದೂರದಲ್ಲಿರುವ ಗೆಳೆಯರನ್ನು ಕೈಬೀಸಿ ಕರೆಯಿರಿ. ಪಾದಗಳನ್ನೂ ಮರೆಯಬೇಡಿ. ಹಿಮ್ಮಡಿ ಊರುವುದು, ತುದಿ ಎತ್ತುವುದು, ತಾಳಕ್ಕೆ ನೆಲ ತಟ್ಟುವುದು, ಇವೆಲ್ಲ ಮುಂದಿನ ನಡಿಗೆಯ ತಯಾರಿ. ಕೋಪ, ಆಶ್ಚರ್ಯ, ನಗು, ನಾಚಿಕೆಯ ಅಭಿನಯವನ್ನೂ ಸೇರಿಸಿ, ಜೊತೆಗೆ ಹಾಡಿಸಿ. ಮುಖಕ್ಕೂ ಗಂಟಲಿಗೂ ಅಭ್ಯಾಸ ಬೇಕು.

ಆಮೇಲೆ ನಿಲ್ಲುವ ಭಾಗ. ಒಮ್ಮೆಲೇ ಏಳಿಸಬೇಡಿ. ಕಾಯಿಲೆಯಿಂದಲೂ ಮಾತ್ರೆಯಿಂದಲೂ ನಿಂತ ಕೂಡಲೇ ಬಿಪಿ ಇಳಿಯಬಹುದು. ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದಕ್ಕೆ ಎಳೆದುಕೊಂಡು, ಮೂಗು ಮೊಣಕಾಲಿನ ಆಚೆ ಬರುವಷ್ಟು ಮುಂದಕ್ಕೆ ಬಾಗಿ, ಒಂದು-ಎರಡು-ಮೂರಕ್ಕೆ ಎದ್ದು, ಕುರ್ಚಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಲ್ಲಲಿ. ತಲೆ ಸುತ್ತದಿದ್ದರೆ ಕುರ್ಚಿಯ ಬೆನ್ನು ಅಥವಾ ಗೋಡೆಗೆ ಬಿಗಿದ ಕಂಬಿ ಹಿಡಿದು ಮಂಡಿ ಬಗ್ಗಿಸುವುದು, ಭಾರವನ್ನು ಎಡಕ್ಕೆ ಬಲಕ್ಕೆ ವರ್ಗಾಯಿಸುವುದು, ಪಕ್ಕಕ್ಕೆ ದೊಡ್ಡ ಹೆಜ್ಜೆ. ಹಿಂದಕ್ಕೆ ಹೆಜ್ಜೆ ಹಾಕುವುದಾದರೆ ಆಸರೆ ಹಿಡಿದುಕೊಂಡೇ. ಹಿಂದಕ್ಕೆ ಬೀಳುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ನಿಲ್ಲಲು ಆಗದವರು ಕೂತೇ ಇದೆಲ್ಲ ಮಾಡಲಿ. ಕೂತವರಿಗಾಗಿ ಒಬ್ಬ ಸಹಾಯಕರೂ ಕೂತೇ ಕುಣಿಯಲಿ. ಆಗ ಕೂತವರು ಗುಂಪಿನಿಂದ ಹೊರಗುಳಿದ ಹಾಗೆ ಆಗುವುದಿಲ್ಲ.

ಕೊನೆಯದು ಹಾಲ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ಕುಣಿಯುತ್ತಾ ಹೋಗುವುದು. ಇಬ್ಬಿಬ್ಬರಾಗಿ ಕಳಿಸಿ. ಸಹಾಯಕರು ದುರ್ಬಲವಾಗಿರುವ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಲಿ. ಅವರ ಕೈಯನ್ನು ನೀವು ಹಿಡಿಯಬೇಡಿ, ಹಿಡಿದುಕೊಳ್ಳಲು ನಿಮ್ಮ ಮುಂಗೈ ಕೊಡಿ. ಯಾವಾಗ ಎಷ್ಟು ಆಸರೆ ಬೇಕು ಅನ್ನುವುದು ಅವರ ಕೈಯಲ್ಲೇ ಉಳಿಯುತ್ತದೆ. ಮೊದಲು ಬರೀ ನಡಿಗೆ, ಅದು ರೂಢಿಯಾದ ಮೇಲೆ ತೋಳು, ಆಮೇಲೆ ಜೊತೆಗೆ ಹಾಡುವುದು. ಎರಡು ಕೆಲಸ ಒಟ್ಟಿಗೆ ಬಂದಾಗ ಹೆಜ್ಜೆ ಕೆಡುತ್ತದೆ, ಆದ್ದರಿಂದ ಒಂದರ ಮೇಲೊಂದು ನಿಧಾನಕ್ಕೆ ಸೇರಿಸಿ. ನಿಂತಲ್ಲೇ ಗಿರಕಿ ಹೊಡೆಯುವುದು ಬೇಡ. ಅರ್ಧಚಂದ್ರದ ಹಾಗೆ ಅಗಲವಾದ ಸುತ್ತು ಹಾಕಿ ತಿರುಗಲಿ.

ಮತ್ತೆ ವೃತ್ತಕ್ಕೆ ಬಂದು, ಕೈಕೈ ಹಿಡಿದು, ಒಬ್ಬರಿಂದ ಒಬ್ಬರಿಗೆ ನಮಸ್ಕಾರ ದಾಟಿಸಿ ಮುಗಿಸಿ.

ಹೆಜ್ಜೆ 7: ಮಾತಾಡುವ ರೀತಿ

ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹೇಳಿ ಆದ ಮೇಲೆ ಕಾಯಿರಿ. ಕೇಳಿಸಿಕೊಂಡದ್ದು ಚಲನೆಯಾಗಲು ಅವರಿಗೆ ಹೊತ್ತು ಹಿಡಿಯುತ್ತದೆ. ಆ ಮೌನದಲ್ಲಿ ನೀವು ಇನ್ನೊಂದು ಸೂಚನೆ ತುರುಕಿದರೆ ಮೊದಲಿನದೂ ಹಾಳಾಗುತ್ತದೆ. ‘ಹುಷಾರು, ಹುಷಾರು’ ಅನ್ನುತ್ತಲೇ ಇರಬೇಡಿ. ಗಾಬರಿ ಹೆಚ್ಚಾದಷ್ಟೂ ಕಾಲು ಅಂಟಿಕೊಳ್ಳುವುದು ಹೆಚ್ಚು.

ಮುಖ ನೋಡಿ ತೀರ್ಮಾನಕ್ಕೆ ಬರಬೇಡಿ. ಮುಖದ ಸ್ನಾಯುಗಳ ಚಲನೆ ಕಡಿಮೆಯಾಗಿ, ಖುಷಿಯಾಗಿದ್ದವರೂ ಬೇಸರದಲ್ಲಿರುವಂತೆ, ಸಿಟ್ಟಾದಂತೆ ಕಾಣುತ್ತಾರೆ. ಹೊಸ ಶಿಕ್ಷಕರು ಇದನ್ನು ನೋಡಿ ಪಾಠ ಹಿಡಿಸಲಿಲ್ಲ ಎಂದು ಧೈರ್ಯ ಕಳೆದುಕೊಳ್ಳುತ್ತಾರೆ. ನೇರವಾಗಿ ಕೇಳಿಬಿಡಿ, ಉತ್ತರಕ್ಕೆ ಸಮಯ ಕೊಡಿ. ಉತ್ತರವನ್ನು ಪಕ್ಕದಲ್ಲಿರುವ ಮನೆಯವರಿಂದ ಪಡೆಯಬೇಡಿ. ಹಿರಿಯರನ್ನು ಮಕ್ಕಳಂತೆ ‘ಜಾಣ, ಜಾಣೆ’ ಎಂದು ಹೊಗಳುವುದೂ ಬೇಡ. ಒಳ್ಳೆಯ ನೃತ್ಯ ಶಿಕ್ಷಕರು ಹೇಳುವಂತೆ, ಚೆನ್ನಾಗಿದ್ದದ್ದು ಯಾವ ಚಲನೆ, ಯಾಕೆ ಎಂದು ಹೇಳಿ.

ಹೆಜ್ಜೆ 8: ಕಾಲು ಅಂಟಿಕೊಂಡಾಗ, ತಲೆ ಸುತ್ತಿದಾಗ, ಬಿದ್ದಾಗ

ಕಾಲು ಅಂಟಿಕೊಂಡವರನ್ನು ಎಳೆಯಬಾರದು, ಹಿಂದಿನಿಂದ ತಳ್ಳಬಾರದು. ಮೈ ಮುಂದೆ ಹೋಗಿ ಪಾದ ಅಲ್ಲೇ ಉಳಿಯುತ್ತದೆ, ಬೀಳುತ್ತಾರೆ. ಪಕ್ಕದಲ್ಲಿ ನಿಂತು ‘ಪರವಾಗಿಲ್ಲ, ನಿಲ್ಲೋಣ’ ಅನ್ನಿ. ಉಸಿರು ಬಿಡಲಿ, ಬೆನ್ನು ನೆಟ್ಟಗಾಗಲಿ. ಆಮೇಲೆ ಭಾರವನ್ನು ಎಡಕ್ಕೆ, ಬಲಕ್ಕೆ ಮೆಲ್ಲಗೆ ತೂಗಲಿ. ಎಣಿಕೆ ಶುರು ಮಾಡಿ, ಒಂದು ಕಾಲು ಹಗುರಾದಾಗ ದೊಡ್ಡ ಹೆಜ್ಜೆ. ಆಗಲೂ ಬರದಿದ್ದರೆ ಅವರ ಮುಂದೆ ನಿಮ್ಮ ಪಾದವನ್ನು ಅಡ್ಡವಾಗಿಟ್ಟು ‘ಇದನ್ನು ದಾಟಿ’ ಅನ್ನಿ. ಒಬ್ಬೊಬ್ಬರಿಗೆ ಒಂದೊಂದು ಉಪಾಯ ಕೆಲಸ ಮಾಡುತ್ತದೆ. ಹೆಚ್ಚಿನವರಿಗೆ ತಮ್ಮದು ಯಾವುದು ಎಂದು ಗೊತ್ತೂ ಇರುತ್ತದೆ, ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ.

ತಲೆ ಸುತ್ತಿದರೆ ತಕ್ಷಣ ಕೂರಿಸಿ, ಬೇಕಾದರೆ ಮಲಗಿಸಿ ಕಾಲು ಎತ್ತರದಲ್ಲಿಡಿ. ಬಿದ್ದವರನ್ನು ಅವಸರದಿಂದ ಎತ್ತಬೇಡಿ. ಎಲ್ಲಿ ನೋವು ಎಂದು ಕೇಳಿ. ತಲೆಗೆ ಪೆಟ್ಟು, ಸೊಂಟದಲ್ಲಿ ಜೋರು ನೋವು, ಪ್ರಜ್ಞೆ ತಪ್ಪಿದ್ದು, ಇವುಗಳಲ್ಲಿ ಒಂದಿದ್ದರೂ ಅಲುಗಿಸದೆ ಆಂಬುಲೆನ್ಸ್ ಕರೆಯಿರಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಸಣ್ಣ ಪೆಟ್ಟಾದರೂ ಆಸ್ಪತ್ರೆಗೆ ಕಳಿಸಲೇಬೇಕು. ಏನೂ ಆಗಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಗಟ್ಟಿ ಕುರ್ಚಿ ಹಿಡಿದು ಅವರೇ ನಿಧಾನಕ್ಕೆ ಏಳಲಿ. ಏನಾಯಿತೆಂದು ಆ ದಿನವೇ ಬರೆದಿಡಿ.

ಮನೆಯವರು ಬಂದರೆ

ಗೋಡೆ ಬದಿ ಕೂರಿಸಬೇಡಿ, ಅವರೂ ಕುಣಿಯಲಿ. ಮಾತ್ರೆ, ಊಟ, ಆಸ್ಪತ್ರೆ ಎಂದು ದಿನವಿಡೀ ಇಬ್ಬರ ನಡುವೆ ನಡೆಯುವುದು ನೋಡಿಕೊಳ್ಳುವ ಕೆಲಸವೇ. ಇಲ್ಲಿ ಒಂದು ಗಂಟೆ ಇಬ್ಬರೂ ಜೋಡಿಯಾಗಿ ಹೆಜ್ಜೆ ಹಾಕಬಹುದು. ಆದರೆ ಪಕ್ಕದಲ್ಲಿದ್ದುಕೊಂಡು ತಿದ್ದುತ್ತಲೇ ಇರುವವರೂ ಇರುತ್ತಾರೆ. ಪ್ರೀತಿಯಿಂದಲೇ ತಿದ್ದುತ್ತಾರೆ, ಆದರೂ ತರಗತಿಯಲ್ಲಿ ಅದು ಭಾರವಾಗುತ್ತದೆ. ಅಂಥವರನ್ನು ಬೇರೆ ಜೋಡಿಯ ಜೊತೆ ಸೇರಿಸಿ. ಎರಡೂ ಕಡೆಯವರಿಗೆ ಹಗುರವಾಗುತ್ತದೆ.

ಮುಂದಿನ ತಿಂಗಳುಗಳಲ್ಲಿ

ಒಂದೇ ರಚನೆಯನ್ನು ನಾಲ್ಕೈದು ವಾರ ಮುಂದುವರಿಸಿ, ಪ್ರತಿವಾರ ಸ್ವಲ್ಪ ಹೊಸದನ್ನು ಸೇರಿಸಿ. ಪೂರ್ತಿ ಹೊಸದಾದರೆ ಕಂಗಾಲಾಗುತ್ತಾರೆ, ಪೂರ್ತಿ ಹಳೆಯದಾದರೆ ಕಲಿಯುವುದು ನಿಲ್ಲುತ್ತದೆ. ಕಾಯಿಲೆ ಮುಂದುವರಿಯುವಂಥದ್ದು. ನಿಂತು ಕುಣಿಯುತ್ತಿದ್ದವರು ಕುರ್ಚಿಗೆ ಬರಬಹುದು, ಗಾಲಿಕುರ್ಚಿಗೂ ಬರಬಹುದು. ಹಾಗಾದಾಗಲೂ ಅವರ ಜಾಗ ಅದೇ ವೃತ್ತದಲ್ಲಿ ಇರುವಂತೆ ಪಾಠ ಹೊಂದಿಸಿ. ಬದಲಾವಣೆ ಥಟ್ಟನೆ ಕಂಡರೆ, ಉದಾಹರಣೆಗೆ ದಿಢೀರನೆ ಬೀಳುವುದು ಹೆಚ್ಚಾದರೆ ಅಥವಾ ಗೊಂದಲದ ಮಾತು ಶುರುವಾದರೆ, ಮನೆಯವರಿಗೆ ತಿಳಿಸಿ, ಡಾಕ್ಟರಿಗೆ ತೋರಿಸಲು ಹೇಳಿ. ಮಾತ್ರೆ ಬಗ್ಗೆ ನೀವು ಸಲಹೆ ಕೊಡಬೇಡಿ.

ಬರಲಾಗದವರಿಗೆ ವಿಡಿಯೋ ಕರೆಯಲ್ಲಿ ತರಗತಿ ನಡೆಸಬಹುದು, ಆದರೆ ಅದು ಕುರ್ಚಿಯಲ್ಲಿ ಕೂತು ಮಾಡುವ ಭಾಗಕ್ಕೆ ಮಾತ್ರ ಇರಲಿ. ಕುರ್ಚಿ ಗೋಡೆಗೆ ಒತ್ತಿರಬೇಕು, ಮನೆಯಲ್ಲಿ ಇನ್ನೊಬ್ಬರು ಇರಬೇಕು, ಕ್ಯಾಮೆರಾದಲ್ಲಿ ತಲೆಯಿಂದ ಪಾದದವರೆಗೆ ಕಾಣಬೇಕು.

ಯಾರಾದರೂ ಎರಡು ವಾರ ಸತತವಾಗಿ ಬರದಿದ್ದರೆ ಫೋನ್ ಮಾಡಿ. ಖಿನ್ನತೆ ಈ ಕಾಯಿಲೆಯ ಜೊತೆಗೇ ಬರುವ ಲಕ್ಷಣ, ಉತ್ಸಾಹ ಕುಗ್ಗುವುದೂ ಹಾಗೆಯೇ. ‘ಯಾಕೆ ಬರಲಿಲ್ಲ’ ಎಂದು ಶುರು ಮಾಡಬೇಡಿ. ಈ ವಾರ ಯಾವ ಹಾಡಿಗೆ ಕುಣಿದೆವು ಎಂದು ತಿಳಿಸಿ, ಕರೆತರಲು ಗಾಡಿ ಬೇಕಾ ಎಂದು ಕೇಳಿ. ಎಷ್ಟೋ ಸಲ ತೊಂದರೆ ಇರುವುದು ಬಂದು ಹೋಗುವ ವ್ಯವಸ್ಥೆಯಲ್ಲೇ. ಅದನ್ನು ಇನ್ನೊಬ್ಬ ಸಹಾಯಕರ ಜೊತೆ ಹೊಂದಿಸಿಬಿಟ್ಟರೆ ಮುಂದಿನ ವಾರ ಅವರು ಬರುತ್ತಾರೆ.